ಎಂಟನೇ ಕ್ಲಾಸಿನ ಆಲ್ಜಿಬ್ರಾ, ಹನ್ನೆರಡನೇ ಕ್ಲಾಸಿನ ಕ್ಯಾಲ್ಕುಲಸ್: ಸ್ಯಾನ್ ಫ್ರಾನ್ಸಿಸ್ಕೋದ ಹತ್ತು ವರ್ಷ

ಅಮೆರಿಕದ ಯಾವುದೇ ದೊಡ್ಡ ಪಬ್ಲಿಕ್ ಹೈಸ್ಕೂಲಿನ ಕೋರ್ಸ್ ಕ್ಯಾಟಲಾಗ್ ತೆಗೆದು ನೋಡಿ, ಮದುವೆಮನೆ ಬಾಳೆಎಲೆ ಥರ ತುಂಬಿರುತ್ತೆ. ಎಪಿ (ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಕೋರ್ಸ್) ಕ್ಯಾಲ್ಕುಲಸ್, ಎಪಿ ಸ್ಟ್ಯಾಟಿಸ್ಟಿಕ್ಸ್, ಎಪಿ ಬಯಾಲಜಿ, ಜರ್ನಲಿಸಂ, ಸಿರಾಮಿಕ್ಸ್, ಆರ್ಕೆಸ್ಟ್ರಾ, ಡ್ರಾಮಾ, ಕಂಪ್ಯೂಟರ್ ಸೈನ್ಸ್, ಕೆಲವು ಕಡೆ ಕಾರ್ ರಿಪೇರಿ ಕೂಡ. ಎಸ್ಸೆಸ್ಸೆಲ್ಸಿಯಲ್ಲಿ ಆರು ಸಬ್ಜೆಕ್ಟ್ ಕೊಟ್ಟು ಓದ್ರಪ್ಪ ಅನ್ನಿಸಿಕೊಂಡು ಬೆಳೆದ ನಮ್ಮಂಥೋರಿಗೆ ಇದನ್ನ ನೋಡಿದ ತಕ್ಷಣ ಎಷ್ಟೊಂದು ಚಾಯ್ಸ್ ಅಂತ ಖುಷಿ ಆಗುತ್ತೆ. ಆದ್ರೆ ಪಟ್ಟಿಯಲ್ಲಿ ಇದೆ ಅಂದಮಾತ್ರಕ್ಕೆ ನಿಮ್ಮ ಮಗುಗೆ ಸಿಗುತ್ತೆ ಅಂತ ಅಲ್ಲ. ಹನ್ನೆರಡನೇ ಕ್ಲಾಸಲ್ಲಿ ಎಪಿ ಕ್ಯಾಲ್ಕುಲಸ್ ರೂಮಲ್ಲಿ ಯಾರು ಕೂತಿರ್ತಾರೆ ಅನ್ನೋದು ಅರ್ಧಕ್ಕರ್ಧ ಎಂಟನೇ ಕ್ಲಾಸಲ್ಲೇ ತೀರ್ಮಾನ ಆಗಿಬಿಟ್ಟಿರುತ್ತೆ, ಅದೂ ಹೈಸ್ಕೂಲ್ ಶುರುವಾಗೋ ಮುಂಚೆ, ಬಹಳ ಅಪ್ಪ ಅಮ್ಮಂದಿರಿಗೆ ಗೊತ್ತೇ ಆಗದ ಹಾಗೆ.

ಇದು ಹೇಗೆ ನಡೆಯುತ್ತೆ ಅಂತ ಬಿಡಿಸಿ ನೋಡೋಕೆ ಸ್ಯಾನ್ ಫ್ರಾನ್ಸಿಸ್ಕೋ ಸಾರ್ವಜನಿಕ ಶಾಲೆಗಳ ಕಥೆಗಿಂತ ಒಳ್ಳೆ ಕೇಸ್ ನನಗೆ ಗೊತ್ತಿಲ್ಲ. 2014ರಲ್ಲಿ ಅಲ್ಲಿನ ಸ್ಕೂಲ್ ಬೋರ್ಡ್ ಎಂಟನೇ ಕ್ಲಾಸಿನಿಂದ ಆಲ್ಜಿಬ್ರಾ 1 ಕೋರ್ಸ್ ತೆಗೆದುಹಾಕ್ತು, 2024ರಲ್ಲಿ ವಾಪಸ್ ತರೋಕೆ ಒಪ್ಕೊಳ್ತು. ಮಧ್ಯದ ಹತ್ತು ವರ್ಷದಲ್ಲಿ ಏನಾಯ್ತು, ಯಾರಿಗೆ ಲಾಭ ಯಾರಿಗೆ ನಷ್ಟ, ಎಲೆಕ್ಟಿವ್ (ಮಕ್ಕಳೇ ಆರಿಸ್ಕೊಳ್ಳೋ ವಿಷಯ) ಪಿರಿಯಡ್‌ಗಳು ಇದರಲ್ಲಿ ಹೇಗೆ ಸಿಕ್ಕಿಹಾಕ್ಕೊಂಡ್ವು, ಇದನ್ನ ಪೂರ್ತಿ ಬರೆಯೋಣ ಅಂತ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಲೆಕ್ಕ

ಬೇ ಏರಿಯಾದ ಕನ್ನಡ ಕಾರ್ಯಕ್ರಮಗಳಲ್ಲಿ ಊಟದ ಸಾಲಲ್ಲಿ ನಿಂತಾಗ ಈ ಮಾತು ಬಂದ್ರೆ ಹೊಸದಾಗಿ ಬಂದಿರೋರ ಪ್ರಶ್ನೆ ಯಾವಾಗ್ಲೂ ಒಂದೇ ಥರ. "ಅಲ್ಲ ಕಣೇ, ಎಂಟನೇ ಕ್ಲಾಸಲ್ಲಿ ಆಲ್ಜಿಬ್ರಾ ಇಲ್ಲ ಅಂದ್ರೆ ಮತ್ತೇನ್ ಕಲಿಸ್ತಾರೆ? ನಾವು ಏಳರಲ್ಲೇ ಮಾಡಿರ್ಲಿಲ್ವಾ?" ಕೇಳೋದು ಸರಿಯಾಗೇ ಇದೆ. ನಮ್ಮ ಕರ್ನಾಟಕದ ಪುಸ್ತಕದಲ್ಲಿ ಪ್ರತಿ ವರ್ಷ ಬೀಜಗಣಿತ ಒಂದಿಷ್ಟು, ರೇಖಾಗಣಿತ ಒಂದಿಷ್ಟು, ಅಂಕಿಅಂಶ ಒಂದಿಷ್ಟು ಬರುತ್ತೆ. ಎಂಟರಲ್ಲಿ ಬೀಜೋಕ್ತಿ, ಹತ್ತರಲ್ಲಿ ವರ್ಗ ಸಮೀಕರಣ, ಹಂಗೆ ಎಲ್ಲಾ ಜೊತೆಜೊತೆಗೇ ಸಾಗುತ್ತೆ, ಯಾರೂ "ನಾನು ಈ ವರ್ಷ ಬೀಜಗಣಿತ ತಗೊಂಡಿದ್ದೀನಿ" ಅಂತ ಹೇಳಲ್ಲ. ಅಮೆರಿಕದಲ್ಲಿ ಬಹುಪಾಲು ಕಡೆ ಹಾಗಲ್ಲ. ಒಂದು ಇಡೀ ವರ್ಷ ಆಲ್ಜಿಬ್ರಾ 1, ಮುಂದಿನ ಇಡೀ ವರ್ಷ ಜಾಮೆಟ್ರಿ, ಆಮೇಲೆ ಆಲ್ಜಿಬ್ರಾ 2, ಆಮೇಲೆ ಪ್ರಿಕ್ಯಾಲ್ಕುಲಸ್, ಕೊನೆಗೆ ಕ್ಯಾಲ್ಕುಲಸ್. ಒಂದು ಮುಗಿಸದೆ ಇನ್ನೊಂದಕ್ಕೆ ಕೂರಿಸಲ್ಲ.

ಈಗ ಬೆರಳಲ್ಲಿ ಎಣಿಸಿ. ಆಲ್ಜಿಬ್ರಾ 1 ಎಂಟರಲ್ಲಿ ಆದ್ರೆ ಒಂಬತ್ತರಲ್ಲಿ ಜಾಮೆಟ್ರಿ, ಹತ್ತರಲ್ಲಿ ಆಲ್ಜಿಬ್ರಾ 2, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್, ಹನ್ನೆರಡರಲ್ಲಿ ಕ್ಯಾಲ್ಕುಲಸ್. ಸರಿಯಾಗಿ ಕೂರುತ್ತೆ. ಆಲ್ಜಿಬ್ರಾ 1 ಒಂಬತ್ತಕ್ಕೆ ಹೋದ್ರೆ ಹನ್ನೆರಡು ಮುಗಿಯೋ ಹೊತ್ತಿಗೆ ಪ್ರಿಕ್ಯಾಲ್ಕುಲಸ್ ಮುಗಿದಿರುತ್ತೆ, ಕ್ಯಾಲ್ಕುಲಸ್‌ಗೆ ವರ್ಷವೇ ಉಳಿದಿರಲ್ಲ. ಕ್ಯಾಟಲಾಗಲ್ಲಿ ಎಪಿ ಕ್ಯಾಲ್ಕುಲಸ್ ಇದ್ದೇ ಇರುತ್ತೆ, ಅದನ್ನ ಕಲಿಸೋಕೆ ಟೀಚರ್ ಇರ್ತಾರೆ, ರೂಮ್ ಇರುತ್ತೆ, ಆದ್ರೆ ಮಗು ಅಲ್ಲಿಗೆ ತಲುಪೋಕೆ ಒಂದು ವರ್ಷ ಕಮ್ಮಿ ಬೀಳುತ್ತೆ. ಇಡೀ ಗಲಾಟೆ ಈ ಒಂದು ವರ್ಷದ್ದು.

ಕ್ಯಾಲ್ಕುಲಸ್ ಮಾಡದಿದ್ರೆ ಆಕಾಶ ಕಳಚಿ ಬೀಳುತ್ತಾ? ಖಂಡಿತ ಇಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದ್ರೆ ಯುಸಿ, ಅಲ್ಲಿಗೆ ಸೇರೋಕೆ ಹೈಸ್ಕೂಲಲ್ಲಿ ಏನೇನು ಓದಿರ್ಬೇಕು ಅನ್ನೋ 'ಎ ಇಂದ ಜಿ' ಲಿಸ್ಟಲ್ಲಿ ಕೇಳೋದು ಮೂರು ವರ್ಷ ಗಣಿತ ಅಷ್ಟೇ, ನಾಲ್ಕು ಇದ್ರೆ ಒಳ್ಳೇದು ಅನ್ನುತ್ತೆ. ಆದ್ರೆ ಇಂಜಿನಿಯರಿಂಗ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಅಂತ ಅರ್ಜಿ ಹಾಕೋ ಮಗು ಪಕ್ಕದ ಊರಿನ ಕ್ಯಾಲ್ಕುಲಸ್ ಮುಗಿಸಿದ ಮಗು ಜೊತೆ ಪೈಪೋಟಿಗೆ ನಿಂತಿರುತ್ತೆ. ಎಪಿ ಕ್ಲಾಸಲ್ಲಿ ಎ ಗ್ರೇಡ್ ಬಂದ್ರೆ ನಾಲ್ಕರ ಬದಲು ಐದು ಪಾಯಿಂಟ್ ಅಂತ ಯುಸಿ ಲೆಕ್ಕ ಹಾಕುತ್ತೆ, ಅದಕ್ಕೂ ಎಂಟು ಸೆಮಿಸ್ಟರ್ ಅನ್ನೋ ಮಿತಿ ಇದೆ. ಮೇಲಿಂದ ಯುಸಿ ಈಗ ಎಸ್ಎಟಿ (ಕಾಲೇಜು ಸೇರೋಕೆ ಬರೆಯೋ ಪರೀಕ್ಷೆ) ಸ್ಕೋರ್ ನೋಡೋದನ್ನೇ ಬಿಟ್ಟಿದೆ. ಸ್ಕೋರ್ ಇಲ್ಲ ಅಂದ್ಮೇಲೆ ಯಾವ್ಯಾವ ಕ್ಲಾಸ್ ತಗೊಂಡಿದ್ದೆ ಅನ್ನೋ ಲಿಸ್ಟಿನ ತೂಕ ಜಾಸ್ತಿ ಆಯ್ತು, ಕಮ್ಮಿ ಆಗಲಿಲ್ಲ.

ತೆಗೆದಿದ್ದು ಯಾಕೆ

ಬೋರ್ಡಿನೋರು ಕೆಟ್ಟವರು, ಬುದ್ಧಿವಂತ ಮಕ್ಕಳ ಮೇಲೆ ಹೊಟ್ಟೆಕಿಚ್ಚು, ಅಂತೆಲ್ಲ ಬರೆಯೋರು ಬಹಳ ಜನ ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ, 2014ರ ಮುಂಚಿನ ಪರಿಸ್ಥಿತಿ ನಿಜವಾಗ್ಲೂ ಚೆನ್ನಾಗಿರಲಿಲ್ಲ. 2000ದ ದಶಕದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯಾನೇ ಎಲ್ಲರಿಗೂ ಎಂಟನೇ ಕ್ಲಾಸಲ್ಲೇ ಆಲ್ಜಿಬ್ರಾ ಅಂತ ಒತ್ತಡ ಹಾಕಿತ್ತು, 2008ರಲ್ಲಂತೂ ಎಲ್ಲಾ ಎಂಟನೇ ಕ್ಲಾಸಿನ ಮಕ್ಕಳಿಗೂ ಆಲ್ಜಿಬ್ರಾ ಪರೀಕ್ಷೆ ಕೊಡ್ಬೇಕು ಅಂತ ರಾಜ್ಯ ಬೋರ್ಡ್ ಹೊರಟಿತ್ತು, ಕೋರ್ಟಿಗೆ ಹೋಗಿ ನಿಂತ್ಹೋಯ್ತು. ಭಿನ್ನರಾಶಿಯೇ ಸರಿಯಾಗಿ ಬರದ ಮಗುನ ಆಲ್ಜಿಬ್ರಾ ಕ್ಲಾಸಿಗೆ ಕೂರಿಸಿದ್ರೆ ಏನಾಗುತ್ತೋ ಅದೇ ಆಯ್ತು. ಎಂಟರಲ್ಲಿ ಆಲ್ಜಿಬ್ರಾ ಮಾಡಿ, ಒಂಬತ್ತರಲ್ಲಿ ಮತ್ತೆ ಅದೇ ಆಲ್ಜಿಬ್ರಾ. ಹಾಗೆ ರಿಪೀಟ್ ಮಾಡ್ತಿದ್ದ ಮಕ್ಕಳಲ್ಲಿ ಕಪ್ಪು ಮತ್ತೆ ಲ್ಯಾಟಿನೋ ಮಕ್ಕಳು ಜಾಸ್ತಿ. ಹದಿಮೂರು ವರ್ಷಕ್ಕೇ "ನಂಗೆ ಮ್ಯಾತ್ಸ್ ಬರಲ್ಲ" ಅಂತ ಹಣೆಪಟ್ಟಿ.

ಇನ್ನೊಂದು ಕಾರಣ ಹೊಸ ಪಠ್ಯಕ್ರಮ. ಕ್ಯಾಲಿಫೋರ್ನಿಯಾ 2010ರಲ್ಲಿ ಕಾಮನ್ ಕೋರ್ ಒಪ್ಕೊಂಡಿತ್ತು, ಅದರ ಎಂಟನೇ ಕ್ಲಾಸಿನ ಗಣಿತದಲ್ಲಿ ಹಳೇ ಆಲ್ಜಿಬ್ರಾ 1ರ ಒಂದಿಷ್ಟು ಭಾಗ ಆಗ್ಲೇ ಸೇರಿತ್ತು. ಗ್ರಾಫಲ್ಲಿ ಸರಳರೇಖೆ, ಅದರ ಇಳಿಜಾರು, ಎರಡು ಸಮೀಕರಣ ಜೊತೆಗೆ ಬಿಡಿಸೋದು, ಪೈಥಾಗೊರಸ್, ಎಲ್ಲಾ ಮ್ಯಾತ್ 8ರಲ್ಲೇ ಬರುತ್ತೆ. ವರ್ಗ ಸಮೀಕರಣ, ಘಾತೀಯ ಫಂಕ್ಷನ್ನು ಇವು ಮಾತ್ರ ಆಲ್ಜಿಬ್ರಾ 1ಕ್ಕೆ ಉಳೀತು. ಹಾಗಾಗಿ ಡಿಸ್ಟ್ರಿಕ್ಟಿನ (ಊರಿನ ಪಬ್ಲಿಕ್ ಸ್ಕೂಲುಗಳನ್ನೆಲ್ಲ ನಡೆಸೋ ಆಡಳಿತ) ವಾದ ಏನಂದ್ರೆ, ನಾವು ಮಕ್ಕಳನ್ನ ಹಿಂದಕ್ಕೆ ತಳ್ತಿಲ್ಲ, ಅವಸರ ಇಲ್ಲದೆ ಆಳವಾಗಿ ಕಲಿಸ್ತೀವಿ, ಆನರ್ಸ್ ಅಂತ ಬೇರೆ ಸಾಲು ಬೇಡ, ಎಲ್ಲರೂ ಹತ್ತನೇ ಕ್ಲಾಸ್‌ವರೆಗೂ ಒಂದೇ ಕ್ಲಾಸಲ್ಲಿ ಕೂರಲಿ, ಹನ್ನೊಂದಕ್ಕೆ ಬಂದಾಗ ಬೇಕಾದೋರು ಸ್ಪೀಡಾಗಿ ಹೋಗ್ಲಿ. ಆವಾಗ ಸೂಪರಿಂಟೆಂಡೆಂಟ್, ಅಂದ್ರೆ ಡಿಸ್ಟ್ರಿಕ್ಟಿನ ಮುಖ್ಯಸ್ಥರು, ಆಗಿದ್ದೋರು ರಿಚರ್ಡ್ ಕರಾನ್ಜಾ. 2014ರ ಫೆಬ್ರವರಿಯಲ್ಲಿ ಬೋರ್ಡ್ ಒಪ್ಪಿಗೆ ಕೊಡ್ತು, ಆ ವರ್ಷದ ಶೈಕ್ಷಣಿಕ ಸಾಲಿನಿಂದಲೇ ಜಾರಿ. ಹೊಸ ವ್ಯವಸ್ಥೆಯ ಮೊದಲ ಬ್ಯಾಚ್ ಹೈಸ್ಕೂಲ್ ಮುಗಿಸಿದ್ದು 2019ರಲ್ಲಿ.

ಕಾಗದದ ಮೇಲೆ ಓದಿದ್ರೆ ಇದು ಚೆನ್ನಾಗೇ ಇದೆ. ಮಕ್ಕಳನ್ನ ಹನ್ನೊಂದು ಹನ್ನೆರಡು ವರ್ಷಕ್ಕೇ ಬೇರೆ ಬೇರೆ ಸಾಲಿಗೆ ಹಾಕಬಾರದು ಅನ್ನೋದನ್ನ ನಾನೂ ಒಪ್ತೀನಿ. ಕೈಕೊಟ್ಟಿದ್ದು ಆ "ಹನ್ನೊಂದಕ್ಕೆ ಬಂದಾಗ ಸ್ಪೀಡಾಗಿ ಹೋಗ್ಲಿ" ಅನ್ನೋ ಜಾಗ.

ಎರಡು ವರ್ಷನ ಒಂದು ವರ್ಷಕ್ಕೆ ತುರುಕೋದು

ಕ್ಯಾಲ್ಕುಲಸ್ ಬೇಕು ಅನ್ನೋ ಮಕ್ಕಳಿಗೆ ಡಿಸ್ಟ್ರಿಕ್ಟ್ ಕೊಟ್ಟ ಅಧಿಕೃತ ದಾರಿ ಅಂದ್ರೆ ಕಂಪ್ರೆಶನ್ ಕೋರ್ಸ್. ಆಲ್ಜಿಬ್ರಾ 2 ಮತ್ತೆ ಪ್ರಿಕ್ಯಾಲ್ಕುಲಸ್ ಎರಡನ್ನೂ ಹನ್ನೊಂದನೇ ಕ್ಲಾಸಿನ ಒಂದೇ ವರ್ಷದಲ್ಲಿ ಮುಗಿಸೋದು. ಇದನ್ನ ಸ್ವಲ್ಪ ಹತ್ತಿರದಿಂದ ನೋಡಿ. ಆಲ್ಜಿಬ್ರಾ 2ರಲ್ಲಿ ಬಹುಪದೋಕ್ತಿ, ಲಾಗರಿದಂ, ಕಾಂಪ್ಲೆಕ್ಸ್ ಸಂಖ್ಯೆ, ಫಂಕ್ಷನ್ ಒಳಗೆ ಫಂಕ್ಷನ್, ಇಷ್ಟಿರುತ್ತೆ. ಪ್ರಿಕ್ಯಾಲ್ಕುಲಸ್‌ನಲ್ಲಿ ತ್ರಿಕೋನಮಿತಿ ಪೂರ್ತಿ, ಅದರ ನಿತ್ಯಸಮೀಕರಣಗಳು, ವೆಕ್ಟರ್, ಪೋಲಾರ್ ಕೋಆರ್ಡಿನೇಟ್ಸ್, ಕೋನಿಕ್ಸ್, ಲಿಮಿಟ್ ಅಂದ್ರೆ ಏನು ಅನ್ನೋದರ ಪರಿಚಯ. ನಮ್ಮ ಪಿಯುಸಿ ಫಸ್ಟ್ ಇಯರ್ ಗಣಿತ ನೆನಪಿರೋರಿಗೆ ಇದರ ಗಾತ್ರ ಗೊತ್ತಾಗುತ್ತೆ. ಸೈನ್ ಸ್ಕ್ವೇರ್ ಪ್ಲಸ್ ಕಾಸ್ ಸ್ಕ್ವೇರ್ ಒಂದು ಅನ್ನೋದನ್ನ ಬಾಯಿಪಾಠ ಮಾಡೋಕೆ ಒಂದು ನಿಮಿಷ ಸಾಕು, ಅದನ್ನ ಹಿಡ್ಕೊಂಡು ಹತ್ತು ಲೆಕ್ಕ ಬಿಡಿಸಿ ಕೈಗೆ ಕೂರಿಸೋಕೆ ವಾರಗಳು ಬೇಕು. ಅವಸರ ಮಾಡ್ಬೇಡಿ ಅಂತ ಎಂಟನೇ ಕ್ಲಾಸಲ್ಲಿ ನಿಲ್ಲಿಸಿ, ಹನ್ನೊಂದರಲ್ಲಿ ಅದಕ್ಕಿಂತ ಕಷ್ಟದ ಸಿಲಬಸ್ ಮೇಲೆ ಡಬಲ್ ಸ್ಪೀಡಲ್ಲಿ ಓಡು ಅಂದ್ರೆ? ಅವಸರ ಎಲ್ಲೂ ಹೋಗ್ಲಿಲ್ಲ, ಜಾಗ ಬದಲಾಯಿಸ್ತು ಅಷ್ಟೇ, ಅದೂ ಇನ್ನೂ ಕೆಟ್ಟ ಜಾಗಕ್ಕೆ.

ಇನ್ನೊಂದು ಪೆಟ್ಟು ಯುಸಿ ಕಡೆಯಿಂದ ಬಂತು. ಈ ಕಂಪ್ರೆಶನ್ ಕೋರ್ಸಲ್ಲಿ ಪ್ರಿಕ್ಯಾಲ್ಕುಲಸ್‌ನ ವಿಷಯ ಕನಿಷ್ಠ 75 ಪರ್ಸೆಂಟ್ ಕೂಡ ಇಲ್ಲ ಅಂತ ಹೇಳಿ ಯುಸಿ ಅದನ್ನ ಅಡ್ವಾನ್ಸ್ಡ್ ಗಣಿತ ಅಂತ ಲೆಕ್ಕಕ್ಕೆ ತಗೊಳ್ಳಲಿಲ್ಲ, ಅವರ ಕಣ್ಣಲ್ಲಿ ಅದು ಆಲ್ಜಿಬ್ರಾ 2 ಮಾತ್ರ. ಆದ್ರೆ ಡಿಸ್ಟ್ರಿಕ್ಟ್ ತನ್ನ ಲೆಕ್ಕದಲ್ಲಿ ಆ ಮಕ್ಕಳನ್ನ ಅಡ್ವಾನ್ಸ್ಡ್ ಗಣಿತ ಮಾಡ್ತಿರೋರು ಅಂತಲೇ ಎಣಿಸ್ತು, ನೋಡಿ ಸಂಖ್ಯೆ ಏರಿದೆ ಅಂತ ತೋರಿಸ್ತು. 2021ರಲ್ಲಿ ಫ್ಯಾಮಿಲೀಸ್ ಫಾರ್ ಸ್ಯಾನ್ ಫ್ರಾನ್ಸಿಸ್ಕೋ ಅನ್ನೋ ಪೋಷಕರ ಗುಂಪು ಡಿಸ್ಟ್ರಿಕ್ಟಿಂದಲೇ ದಾಖಲೆ ಕೇಳಿ ತರಿಸ್ಕೊಂಡು (ನಮ್ಮ ಆರ್‌ಟಿಐ ಥರದ್ದೇ ಕಾನೂನು ಅಲ್ಲೂ ಇದೆ) ಕೂತು ಲೆಕ್ಕ ಹಾಕಿದ್ರು, ಈ ಕೋರ್ಸಿನ ಮಕ್ಕಳನ್ನ ಬಿಟ್ಟು ನೋಡಿದ್ರೆ ಅಡ್ವಾನ್ಸ್ಡ್ ಗಣಿತದ ಸಂಖ್ಯೆ ಏರಿಲ್ಲ, ಇಳಿದಿದೆ ಅಂತ.

ಅದೇ ಗುಂಪು ಇನ್ನೊಂದು ವಿಷಯಾನೂ ಹೊರಗೆ ತೆಗೀತು, ನನಗೆ ಈ ಇಡೀ ಕೇಸಲ್ಲಿ ಅತಿ ಮುಖ್ಯ ಅನ್ಸೋದು ಇದೇ. ಡಿಸ್ಟ್ರಿಕ್ಟ್ ಎಲ್ಲಾ ಕಡೆ ಹೇಳ್ಕೊಂಡು ಬರ್ತಿದ್ದ ದೊಡ್ಡ ಸಾಧನೆ ಅಂದ್ರೆ, ಆಲ್ಜಿಬ್ರಾ 1 ರಿಪೀಟ್ ಮಾಡೋರ ಪ್ರಮಾಣ 40 ಪರ್ಸೆಂಟಿಂದ 8 ಪರ್ಸೆಂಟಿಗೆ ಇಳೀತು ಅನ್ನೋದು. ಕೇಳಿದ್ರೆ ಯಾರಿಗಾದ್ರೂ ಬೆರಗಾಗುತ್ತೆ. ಆದ್ರೆ ಮುಂಚೆ ಜಾಮೆಟ್ರಿಗೆ ಹೋಗ್ಬೇಕಾದ್ರೆ ಕ್ಲಾಸಲ್ಲಿ ಪಾಸಾದ್ರೆ ಸಾಲ್ತಿರಲಿಲ್ಲ, ರಾಜ್ಯದ ಆಲ್ಜಿಬ್ರಾ ಪರೀಕ್ಷೆಯಲ್ಲೂ ಪಾಸಾಗ್ಬೇಕಿತ್ತು. ರಾಜ್ಯ ಆ ಹಳೇ ಪರೀಕ್ಷೆನೇ ನಿಲ್ಲಿಸ್ತು, ಆ ನಿಯಮಾನೂ ಹೋಯ್ತು. ಜರಡಿನೇ ತೆಗೆದ್ಮೇಲೆ ಮೇಲೆ ಉಳಿಯೋದೇನಿರುತ್ತೆ? ಇದರ ಅರ್ಥ ಮಕ್ಕಳು ಏನೂ ಹೆಚ್ಚು ಕಲಿಯಲಿಲ್ಲ ಅಂತ ಅಲ್ಲ, ಹೆಚ್ಚು ಕಲಿತ್ರೋ ಇಲ್ವೋ ಅನ್ನೋದನ್ನ ಆ ಅಂಕಿ ಹೇಳೋದೇ ಇಲ್ಲ ಅಂತ. ಅಷ್ಟರಲ್ಲಿ ಈ ಅಂಕಿ ದೂರ ದೂರ ಹೋಗಿತ್ತು. ಸ್ಟ್ಯಾನ್‌ಫರ್ಡ್‌ನ ಗಣಿತ ಶಿಕ್ಷಣದ ಪ್ರೊಫೆಸರ್ ಜೋ ಬೋಲರ್ ಸ್ಯಾನ್ ಫ್ರಾನ್ಸಿಸ್ಕೋ ಮಾದರಿಯನ್ನ ಹೊಗಳಿ ಬರೆದಿದ್ರು, ಅವರೂ ಇದ್ದ ತಂಡ ಬರೆದ ಕ್ಯಾಲಿಫೋರ್ನಿಯಾದ ಹೊಸ ಗಣಿತ ಫ್ರೇಮ್‌ವರ್ಕಿನ ಮೊದಲ ಕರಡಲ್ಲೂ ಈ ಊರಿನ ಉದಾಹರಣೆ ಇತ್ತು.

ಎಲೆಕ್ಟಿವ್ ಪಿರಿಯಡ್ ಹೋಗಿದ್ದು ಎಲ್ಲಿಗೆ

ಅಧಿಕೃತ ದಾರಿ ಬೇಡ ಅನ್ನೋರು ಏನ್ ಮಾಡಿದ್ರು? ಒಂದು, ಒಂಬತ್ತನೇ ಕ್ಲಾಸಲ್ಲೇ ಆಲ್ಜಿಬ್ರಾ 1 ಮತ್ತೆ ಜಾಮೆಟ್ರಿ ಎರಡನ್ನೂ ಒಟ್ಟಿಗೆ ತಗೊಳ್ಳೋದು, ಇದನ್ನ ಡಬ್ಲಿಂಗ್ ಅಪ್ ಅಂತಾರೆ. ಎರಡು, ಬೇಸಿಗೆ ರಜೆಯಲ್ಲಿ ಜಾಮೆಟ್ರಿ ಮುಗಿಸೋದು. ಮೂರು, ಎಂಟನೇ ಕ್ಲಾಸಲ್ಲಿರುವಾಗ ಹೊರಗಡೆ ದುಡ್ಡು ಕೊಟ್ಟು ಆನ್‌ಲೈನ್ ಆಲ್ಜಿಬ್ರಾ 1 ಮಾಡಿ, ಡಿಸ್ಟ್ರಿಕ್ಟಿನ ವ್ಯಾಲಿಡೇಶನ್ ಟೆಸ್ಟ್ ಬರೆದು ಪಾಸಾಗಿ ಸೀದಾ ಜಾಮೆಟ್ರಿಗೆ ಹೋಗೋದು. ನಾಲ್ಕು, ಪಬ್ಲಿಕ್ ಸ್ಕೂಲೇ ಬೇಡ ಅಂತ ಪ್ರೈವೇಟಿಗೆ ಹೋಗೋದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲಿಂದಲೂ ಸುಮಾರು 30 ಪರ್ಸೆಂಟ್ ಮಕ್ಕಳು ಪ್ರೈವೇಟಲ್ಲೇ ಓದೋದು, ಬೇರೆ ದೊಡ್ಡ ಅಮೆರಿಕನ್ ಊರುಗಳಿಗೆ ಹೋಲಿಸಿದ್ರೆ ಇದು ತುಂಬಾ ಜಾಸ್ತಿ.

ಈ ನಾಲ್ಕರಲ್ಲಿ ಯಾವುದು ಯಾರ ಕೈಗೆ ಎಟಕುತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಆನ್‌ಲೈನ್ ಕೋರ್ಸಿಗೆ ನೂರಾರು ಡಾಲರ್, ಪಕ್ಕದಲ್ಲಿ ಕೂತು ಹೇಳ್ಕೊಡೋಕೆ ಅಪ್ಪನೋ ಅಮ್ಮನೋ ಸಂಜೆ ಮನೇಲಿ ಇರ್ಬೇಕು, ಎಲ್ಲಕ್ಕಿಂತ ಮೊದಲು ಹೀಗೊಂದು ದಾರಿ ಇದೆ ಅಂತ ಗೊತ್ತಿರ್ಬೇಕು. ಸಾಫ್ಟ್‌ವೇರ್ ಕೆಲಸದ ನಮ್ಮ ಜನಕ್ಕೆ ಮೂರೂ ಇದೆ, ಗೊತ್ತಿರೋ ವಿಷಯದಲ್ಲಂತೂ ನಾವು ಬಿಡಿ, ಮಗು ಆರನೇ ಕ್ಲಾಸಿಗೆ ಬರೋ ಮುಂಚೆನೇ ಎಕ್ಸೆಲ್ ಶೀಟಲ್ಲಿ ಹನ್ನೆರಡನೇ ಕ್ಲಾಸ್‌ವರೆಗೆ ಪ್ಲಾನ್ ಹಾಕಿಟ್ಟಿರ್ತೀವಿ. ಮಿಷನ್ ಏರಿಯಾದಲ್ಲಿ ಎರಡು ಶಿಫ್ಟ್ ಹೋಟೆಲ್ ಕೆಲಸ ಮಾಡೋ ಅಮ್ಮನಿಗೆ ಈ ಪ್ಲಾನ್ ಹೇಳೋರು ಯಾರು? ಅವಳ ಮಗಳಿಗೆ ಹೈಸ್ಕೂಲಿಗೆ ಮುಂಚೆ ಆಲ್ಜಿಬ್ರಾ 1 ಫ್ರೀಯಾಗಿ ಸಿಗ್ತಿದ್ದ ಒಂದೇ ಜಾಗ ಎಂಟನೇ ಕ್ಲಾಸಿನ ರೂಮು, ಅವಳ ಹೆಸರಲ್ಲೇ, ಸಮಾನತೆ ಅಂತ ಹೇಳಿ ಅದನ್ನ ತೆಗೆದಿದ್ದು.

ಇನ್ನು ಡಬ್ಲಿಂಗ್ ಅಪ್. ಇದಕ್ಕೆ ದುಡ್ಡು ಬೇಡ, ಸ್ಕೂಲಲ್ಲೇ ಇದೆ, ಹಾಗಾಗಿ ನ್ಯಾಯವಾಗಿದೆ ಅಂತ ಕಾಣುತ್ತೆ. ಆದ್ರೆ ಟೈಮ್‌ಟೇಬಲ್ ನೋಡಿ. ಬಹುಪಾಲು ಹೈಸ್ಕೂಲಲ್ಲಿ ದಿನಕ್ಕೆ ಆರು ಪಿರಿಯಡ್. ಒಂಬತ್ತನೇ ಕ್ಲಾಸಿನ ಮಗುಗೆ ಇಂಗ್ಲಿಷ್ ಒಂದು, ಗಣಿತ ಒಂದು, ಸೈನ್ಸ್ ಒಂದು, ಪಿಇ ಅಂದ್ರೆ ದೈಹಿಕ ಶಿಕ್ಷಣ ಒಂದು (ಹೈಸ್ಕೂಲ್ ಡಿಪ್ಲೊಮಾಗೆ ಎರಡು ವರ್ಷ ಪಿಇ ಕಡ್ಡಾಯ), ಸ್ಪ್ಯಾನಿಷ್ಷೋ ಚೈನೀಸೋ ಒಂದು ಭಾಷೆ. ಐದಾಯ್ತು. ಉಳಿದಿದ್ದು ಒಂದು. ಅದೊಂದರಲ್ಲೇ ಬ್ಯಾಂಡು, ಚಿತ್ರಕಲೆ, ಕಂಪ್ಯೂಟರ್ ಸೈನ್ಸು, ಅರ್ಧ ವರ್ಷದ ಹೆಲ್ತ್ ಕ್ಲಾಸು, ಏನಾದ್ರೂ ಕೂರಿಸ್ಬೇಕು. ಅಲ್ಲಿ ಜಾಮೆಟ್ರಿ ಬಂದು ಕೂತ್ರೆ ಆ ವರ್ಷಕ್ಕೆ ಎಲೆಕ್ಟಿವ್ ಕಥೆ ಮುಗೀತು.

ಮಿಡ್ಲ್ ಸ್ಕೂಲಲ್ಲಿ ಮೂರು ವರ್ಷ ಕ್ಲಾರಿನೆಟ್ ಊದಿದ ಹುಡುಗ ಒಂಬತ್ತರಲ್ಲಿ ಬ್ಯಾಂಡ್ ಬಿಟ್ರೆ ಹತ್ತರಲ್ಲಿ ವಾಪಸ್ ಹೋಗೋದು ಕಷ್ಟ, ಅಷ್ಟೊತ್ತಿಗೆ ಜೊತೆಯೋರು ಮುಂದಿನ ಲೆವೆಲ್ಲಿಗೆ ಹೋಗಿರ್ತಾರೆ. ಯುಸಿ ಲಿಸ್ಟಲ್ಲಿ ಒಂದು ವರ್ಷ ಕಲೆ, ಒಂದು ವರ್ಷ ಎಲೆಕ್ಟಿವ್ ಇರ್ಲೇಬೇಕು, ಹಾಗಾಗಿ ಮುಂದೆ ಎಲ್ಲೋ ಅದನ್ನೂ ತೂರಿಸ್ಬೇಕು. ಕೌನ್ಸೆಲರ್ ಎದುರು ಕೂತ ಹದಿನಾಲ್ಕು ವರ್ಷದ ಮಗು ಕ್ಯಾಲ್ಕುಲಸ್ ಬೇಕಾ ಆರ್ಕೆಸ್ಟ್ರಾ ಬೇಕಾ ಅಂತ ಆಯ್ಕೆ ಮಾಡ್ಬೇಕು, ಯಾಕಂದ್ರೆ ದೊಡ್ಡೋರು ಒಂದು ವರ್ಷನ ಎಂಟನೇ ಕ್ಲಾಸಲ್ಲಿ ಉಳಿಸಿದ ಹಾಗೆ ಮಾಡಿ ಒಂಬತ್ತರಲ್ಲಿ ವಸೂಲಿ ಮಾಡಿದ್ರು. ಸಣ್ಣ ಸ್ಕೂಲುಗಳಲ್ಲಿ ಇನ್ನೊಂದು ತಲೆನೋವು ಸೇರುತ್ತೆ, ಬ್ಯಾಂಡ್ ಕ್ಲಾಸಿಗೆ ಮಕ್ಕಳು ಕಮ್ಮಿ ಆದ್ರೆ ಬ್ಯಾಂಡ್ ಟೀಚರ್ ಕೆಲಸವೇ ಅಲ್ಲಾಡುತ್ತೆ, ಸೀಟು ತುಂಬದ ಎಲೆಕ್ಟಿವ್ ಮುಂದಿನ ವರ್ಷ ಕ್ಯಾಟಲಾಗಲ್ಲಿ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಚರ್ಚೆಯಲ್ಲಿ ಎರಡೂ ಕಡೆಯೋರು ಗಣಿತ ಗಣಿತ ಅಂತಲೇ ಕೂಗಾಡಿದ್ರು, ಈ ಎಲೆಕ್ಟಿವ್ ಲೆಕ್ಕ ಹಾಕಿದೋರು ಕಮ್ಮಿ.

ಅಂಕಿಅಂಶ ಏನ್ ಹೇಳ್ತು

2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಎಲಿಜಬೆತ್ ಹಫೇಕರ್, ಸಾರಾ ನೋವಿಕಾಫ್, ಥಾಮಸ್ ಡೀ ಮೂರೂ ಜನ ಸೇರಿ ಡಿಸ್ಟ್ರಿಕ್ಟಿನ ದಾಖಲೆ ಇಟ್ಕೊಂಡು ಒಂದು ಅಧ್ಯಯನ ಹೊರಗೆ ತಂದ್ರು. ಬದಲಾವಣೆಯ ಮುಂಚಿನ ಬ್ಯಾಚು, ನಂತರದ ಬ್ಯಾಚು, ಎರಡನ್ನೂ ಹೋಲಿಸಿ. ಎಪಿ ಗಣಿತ ತಗೊಳ್ಳೋರ ಪ್ರಮಾಣ ಶುರುವಲ್ಲಿ ಸುಮಾರು 15 ಪರ್ಸೆಂಟ್ ಇಳೀತು, ಇಳಿದಿದ್ದು ಮುಖ್ಯವಾಗಿ ಎಪಿ ಕ್ಯಾಲ್ಕುಲಸ್, ಅದರಲ್ಲೂ ಏಷ್ಯನ್ ಮೂಲದ ಮಕ್ಕಳಲ್ಲಿ. ಆಮೇಲೆ ಬೇರೆ ಬೇರೆ ದಾರಿ ಹುಡುಕ್ಕೊಂಡ ಹಾಗೆಲ್ಲ ಸಂಖ್ಯೆ ಸ್ವಲ್ಪ ಚೇತರಿಸ್ಕೊಳ್ತು. ಆದ್ರೆ ಯಾವುದಕ್ಕೋಸ್ಕರ ಇಷ್ಟೆಲ್ಲ ಮಾಡಿದ್ರೋ ಅದು ಆಗಲಿಲ್ಲ: ಎಪಿ ಗಣಿತದಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳ ನಡುವಿನ ದೊಡ್ಡ ಅಂತರ ಹಾಗೇ ಉಳೀತು.

ನನಗೆ ಇದರಲ್ಲಿ ಎರಡೂ ಕಡೆಯೋರಿಗೆ ಉತ್ತರ ಕಾಣುತ್ತೆ. ಆಲ್ಜಿಬ್ರಾ ತೆಗೆದ್ರೆ ಊರೇ ಮುಳುಗುತ್ತೆ ಅಂದೋರು ತಪ್ಪು, ಊರು ಮುಳುಗಲಿಲ್ಲ, ದುಡ್ಡು ಸಮಯ ಇದ್ದೋರು ಪಕ್ಕದ ಸಂದಿಯಿಂದ ನುಗ್ಗಿ ಒಳಗೆ ಹೋದ್ರು. ಎಲ್ಲರನ್ನೂ ಒಂದೇ ಕ್ಲಾಸಲ್ಲಿ ಕೂರಿಸಿದ್ರೆ ಅಂತರ ತಾನೇ ಕಮ್ಮಿ ಆಗುತ್ತೆ ಅಂದೋರೂ ತಪ್ಪು. ಅಂತರ ಹುಟ್ಟೋದು ಎಂಟನೇ ಕ್ಲಾಸಲ್ಲಿ ಅಲ್ಲ, ಅದಕ್ಕಿಂತ ಬಹಳ ಮುಂಚೆ. ಭಿನ್ನರಾಶಿ, ಅನುಪಾತ, ಋಣ ಸಂಖ್ಯೆ, ಇವು ನಾಲ್ಕರಿಂದ ಏಳನೇ ಕ್ಲಾಸ್ ಒಳಗೆ ಕೈಗೆ ಹತ್ತಬೇಕು. ಮೂರು ಎಕ್ಸ್ ಪ್ಲಸ್ ಐದು ಇಪ್ಪತ್ತಕ್ಕೆ ಸಮ ಅಂದ್ರೆ ಎಕ್ಸ್ ಎಷ್ಟು ಅಂತ ಕೇಳಿದಾಗ ಐದು ಅನ್ನೋ ಮಗುನೇ, ಮೂರರ ಜಾಗದಲ್ಲಿ ಮೂರನೇ ಎರಡು ಹಾಕಿದ ಕೂಡ್ಲೇ ಪೆನ್ಸಿಲ್ ಕೆಳಗಿಡುತ್ತೆ. ಅವನಿಗೆ ಬರದೇ ಇರೋದು ಆಲ್ಜಿಬ್ರಾ ಅಲ್ಲ, ಭಿನ್ನರಾಶಿ. ಅದನ್ನ ಸರಿ ಮಾಡೋಕೆ ಪ್ರೈಮರಿ ಟೀಚರ್‌ಗಳು, ಟ್ಯೂಟರ್‌ಗಳು, ದುಡ್ಡು, ವರ್ಷಗಟ್ಟಲೆ ತಾಳ್ಮೆ ಬೇಕು. ಕೋರ್ಸ್ ಸೀಕ್ವೆನ್ಸ್ ಬದಲಾಯಿಸೋಕೆ ಬೋರ್ಡಿನ ಒಂದು ವೋಟ್ ಸಾಕು. ಯಾವುದು ಸುಲಭವೋ ಅದನ್ನ ಮಾಡಿದ್ರು.

ಒಂದು ವಿಚಿತ್ರ ಏನಂದ್ರೆ, 1960ರ ದಶಕದಲ್ಲಿ ಮಿಸಿಸಿಪಿಯಲ್ಲಿ ಕಪ್ಪು ಜನರ ಮತದ ಹಕ್ಕಿಗೆ ಹೋರಾಡಿದ ಬಾಬ್ ಮೋಸಸ್ ಅನ್ನೋರು 1980ರ ದಶಕದಲ್ಲಿ ಆಲ್ಜಿಬ್ರಾ ಪ್ರಾಜೆಕ್ಟ್ ಶುರು ಮಾಡಿದ್ದು, ಆಲ್ಜಿಬ್ರಾ ಸಿಗೋದು ಕೂಡ ನಾಗರಿಕ ಹಕ್ಕೇ, ಬಡ ಮಕ್ಕಳಿಗೆ ಅದು ಎಂಟನೇ ಕ್ಲಾಸೊಳಗೆ ಸಿಗ್ಬೇಕು ಅನ್ನೋ ವಾದದ ಮೇಲೆ. ಮೂವತ್ತು ವರ್ಷ ಆದ್ಮೇಲೆ ಅದೇ ಮಕ್ಕಳ ಒಳ್ಳೇದಕ್ಕೆ ಅಂತಲೇ ಇಲ್ಲಿ ತೆಗೆದ್ರು.

ವಾಪಸ್ ತಂದಿದ್ದು

ಸ್ಯಾನ್ ಫ್ರಾನ್ಸಿಸ್ಕೋ ಪೋಷಕರ ಸಿಟ್ಟು ಬರೀ ಆಲ್ಜಿಬ್ರಾದ್ದಲ್ಲ. ಕೋವಿಡ್ ಟೈಮಲ್ಲಿ ಸ್ಕೂಲು ತೆಗೆಯೋದನ್ನ ಬಿಟ್ಟು ಬೋರ್ಡು ಶಾಲೆಗಳ ಹೆಸರು ಬದಲಾಯಿಸೋ ಚರ್ಚೆಯಲ್ಲಿ ಕೂತಿತ್ತು, ಮೆರಿಟ್ ನೋಡಿ ಸೇರಿಸ್ಕೊಳ್ತಿದ್ದ ಲೊವೆಲ್ ಹೈಸ್ಕೂಲಿಗೆ (1856ರ ಸ್ಕೂಲು, ಎಪಿ ಕ್ಲಾಸುಗಳಿಗೆ ಹೆಸರುವಾಸಿ) ಲಾಟರಿ ತಂದಿತ್ತು. 2022ರ ಫೆಬ್ರವರಿಯಲ್ಲಿ ಮೂರು ಬೋರ್ಡ್ ಸದಸ್ಯರನ್ನ ಜನ ವೋಟ್ ಹಾಕಿ ಅಧಿಕಾರದಿಂದ ಇಳಿಸಿದ್ರು. ಲೊವೆಲ್‌ಗೆ ಮೆರಿಟ್ ವಾಪಸ್ ಬಂತು. ಆಮೇಲೆ ಆಲ್ಜಿಬ್ರಾ ಸರದಿ. 2024ರ ಫೆಬ್ರವರಿಯಲ್ಲಿ ಬೋರ್ಡ್ ಎಂಟನೇ ಕ್ಲಾಸಿಗೆ ಆಲ್ಜಿಬ್ರಾ 1 ವಾಪಸ್ ತರೋ ಪ್ಲಾನ್‌ಗೆ ಒಪ್ಪಿಗೆ ಕೊಡ್ತು, ಮುಂದಿನ ತಿಂಗಳು ಮಾರ್ಚ್ 5ರ ಎಲೆಕ್ಷನ್ನಲ್ಲಿ ಇದೇ ವಿಷಯದ ಮೇಲೆ ಜನರ ಅಭಿಪ್ರಾಯ ಕೇಳಿದ ಪ್ರಾಪೊಸಿಷನ್ ಜಿಗೆ ಸುಮಾರು 82 ಪರ್ಸೆಂಟ್ ಜನ ಹೌದು ಅಂದ್ರು. ಕಾನೂನಿನ ಬಲ ಅದಕ್ಕಿರಲಿಲ್ಲ, ಸಲಹೆ ಅಷ್ಟೇ, ಆದ್ರೂ ಆ ಊರಲ್ಲಿ 82 ಪರ್ಸೆಂಟ್ ಜನ ಒಂದೇ ಮಾತು ಹೇಳೋದು ಅಂದ್ರೆ ಸಣ್ಣ ವಿಷಯ ಅಲ್ಲ.

2024-25ರಲ್ಲಿ ಪೈಲಟ್, ಅಂದ್ರೆ ಪ್ರಯೋಗ, ಶುರುವಾಯ್ತು, ಎಲ್ಲಾ ಕಡೆ ಅಲ್ಲ, ಒಂದಿಷ್ಟು ಮಿಡ್ಲ್ ಸ್ಕೂಲಲ್ಲಿ, ಅದೂ ಬೇರೆ ಬೇರೆ ಥರ. ಒಂದು ಮಾದರಿಯಲ್ಲಿ ಎಂಟನೇ ಕ್ಲಾಸಿನ ಎಲ್ಲರಿಗೂ ಆಲ್ಜಿಬ್ರಾ 1. ಇನ್ನೊಂದರಲ್ಲಿ ಆಸಕ್ತಿ ಅಥವಾ ತಯಾರಿ ನೋಡಿ. ಮೂರನೇದರಲ್ಲಿ ಮ್ಯಾತ್ 8 ಜೊತೆಗೇ ಆಲ್ಜಿಬ್ರಾ 1, ಎಲೆಕ್ಟಿವ್ ಪಿರಿಯಡ್‌ನಲ್ಲಿ. ಉಳಿದ ಸ್ಕೂಲಿನೋರಿಗೆ ಆನ್‌ಲೈನ್ ಅಥವಾ ಬೇಸಿಗೆ.

ಮೂರನೇ ಮಾದರಿ ನೋಡಿದಾಗ ನನಗೆ ನಗು ಬಂತು, ಸಿಟ್ಟೂ ಬಂತು. ಹೈಸ್ಕೂಲಲ್ಲಿ ಡಬ್ಲಿಂಗ್ ಅಪ್ ಅಂತ ಒಂಬತ್ತನೇ ಕ್ಲಾಸಿನ ಬ್ಯಾಂಡ್ ಪಿರಿಯಡ್ ತಿಂದಿದ್ದು ಈಗ ಒಂದು ವರ್ಷ ಕೆಳಗಿಳಿದು ಎಂಟನೇ ಕ್ಲಾಸಿನ ಬ್ಯಾಂಡ್ ಪಿರಿಯಡ್ ತಿನ್ನುತ್ತೆ. ಇದನ್ನ ಸಮರ್ಥಿಸೋರ ಮಾತೂ ಸುಳ್ಳಲ್ಲ, ಮ್ಯಾತ್ 8 ಬಿಟ್ಟು ಆಲ್ಜಿಬ್ರಾಗೆ ಹಾರಿದ್ರೆ ಸರಳರೇಖೆ, ಇಳಿಜಾರು ಇದರಲ್ಲಿ ತೂತು ಉಳ್ಕೊಳ್ಳುತ್ತೆ, ಎರಡೂ ಮಾಡಿದ್ರೆ ಬುಡ ಗಟ್ಟಿ ಅಂತ. ಆದ್ರೆ ಎಂಟನೇ ಕ್ಲಾಸಿನ ಮಗು ದಿನಕ್ಕೆ ಎರಡು ಗಣಿತ ಕ್ಲಾಸಲ್ಲಿ ಕೂತ್ಕೊಂಡು ಚಿತ್ರಕಲೆ ಬಿಡೋದನ್ನ ಕ್ಯಾಟಲಾಗಲ್ಲಿ "ಎಲೆಕ್ಟಿವ್" ಅಂತ ಬರೆಯೋದು ಇದೆಯಲ್ಲ, ಅದನ್ನ ಆಯ್ಕೆ ಅಂತ ಕರೆಯೋಕೆ ನನ್ನ ಬಾಯಿ ಬರಲ್ಲ. ನನ್ನನ್ನ ಕೇಳಿದ್ರೆ ಆರು ಏಳು ಎಂಟು ಮೂರು ವರ್ಷದ ಗಣಿತನ ಸ್ವಲ್ಪ ಹೊಂದಿಸಿ, ಬೇಕಾದ ಮಕ್ಕಳಿಗೆ ಆರನೇ ಕ್ಲಾಸಿಂದಲೇ ಒಂದೊಂದಿಷ್ಟು ಮುಂದೆ ಸರಿಸ್ಕೊಂಡು ಬಂದ್ರೆ ಎಂಟರ ಹೊತ್ತಿಗೆ ಆಲ್ಜಿಬ್ರಾ 1 ಒಂದೇ ಪಿರಿಯಡ್‌ನಲ್ಲಿ ಕೂರುತ್ತೆ, ಬ್ಯಾಂಡೂ ಉಳಿಯುತ್ತೆ. ಸುತ್ತಮುತ್ತ ಬಹಳ ಡಿಸ್ಟ್ರಿಕ್ಟುಗಳು ಹೆಚ್ಚುಕಮ್ಮಿ ಇದನ್ನೇ ಮಾಡ್ತಾವೆ. ಅದಕ್ಕೆ ಎದುರು ವಾದ, ಆರನೇ ಕ್ಲಾಸಲ್ಲಿ ಯಾರು ಮುಂದೆ ಹೋಗೋದು ಅಂತ ಆರಿಸೋದೇ ಮತ್ತೆ ಹಳೇ ಸಾಲು ಹಾಕಿದ ಹಾಗಲ್ವಾ ಅಂತ. ಹೌದು, ಅದಕ್ಕೆ ಅರ್ಜಿ ಹಾಕಿದೋರಿಗೆ ಮಾತ್ರ ಅನ್ನೋ ಬದಲು ಸ್ಕೋರ್ ಇರೋ ಎಲ್ಲಾ ಮಕ್ಕಳನ್ನೂ ತಾನಾಗೇ ಸೇರಿಸಿ, ಬೇಡ ಅನ್ನೋರು ಬರೆದುಕೊಡಲಿ ಅಂತ ಮಾಡ್ಬೇಕು. ಹೀಗೆ ಮಾಡಿದ್ರೆ ಕನಿಷ್ಠ ಆ ಹೋಟೆಲ್ ಕೆಲಸದ ಅಮ್ಮ ಫಾರ್ಮ್ ತುಂಬಲಿಲ್ಲ ಅನ್ನೋ ಕಾರಣಕ್ಕೆ ಮಗಳು ತಪ್ಪಿಸ್ಕೊಳ್ಳಲ್ಲ.

ನಮ್ಮೂರಲ್ಲಿ ಈ ಥರ ಇಲ್ಲ ಅಂತ ಅಂದ್ಕೊಳ್ಳೋರಿಗೆ ಒಂದು ಮಾತು, ನಮ್ಮಲ್ಲಿ ಕವಲು ಹತ್ತನೇ ಕ್ಲಾಸ್ ಆದ್ಮೇಲೆ ಬರುತ್ತೆ, ಪಿಸಿಎಂಬಿನಾ ಸಿಇಬಿಎನಾ ಎಚ್ಇಪಿಎಸ್ಸಾ ಅಂತ. ಕಲಾ ವಿಭಾಗ ತಗೊಂಡ್ರೆ ಗಣಿತ ಅಲ್ಲಿಗೆ ಖತಂ ಅನ್ನೋದು ಎಲ್ಲರಿಗೂ ಮೊದಲೇ ಗೊತ್ತಿರುತ್ತೆ, ಬಸ್‌ಸ್ಟಾಪಲ್ಲಿ ಸಿಕ್ಕ ಪಕ್ಕದ ಮನೆ ಅಂಕಲ್ಲೂ ಎರಡು ಸಲಹೆ ಕೊಟ್ಟು ಹೋಗ್ತಾರೆ. ಅಮೆರಿಕದಲ್ಲಿ ಕವಲಿಗೆ ದಾರಿ ತೋರಿಸೋ ಫಲಕವೇ ಇರಲ್ಲ. ಮಿಡ್ಲ್ ಸ್ಕೂಲ್ ಗಣಿತದ ಒಂದು ಫಾರ್ಮಲ್ಲಿ ಟಿಕ್ ಹಾಕಿದ್ದು ಹೈಸ್ಕೂಲ್ ಕ್ಯಾಟಲಾಗಿನ ಕೊನೇ ಪುಟದವರೆಗೂ ಹೋಗುತ್ತೆ ಅಂತ ಆ ಫಾರ್ಮ್ ಎಲ್ಲೂ ಹೇಳಲ್ಲ.

ಪೈಲಟ್ ಕೆಲಸ ಮಾಡ್ತೋ ಇಲ್ವೋ ಅಂತ ಈಗ್ಲೇ ಹೇಳೋಕಾಗಲ್ಲ. 2024-25ರಲ್ಲಿ ಎಂಟನೇ ಕ್ಲಾಸಲ್ಲಿದ್ದ ಮಕ್ಕಳು ಹನ್ನೆರಡಕ್ಕೆ ಬರೋದು 2028ರ ಆಗಸ್ಟಲ್ಲಿ. ಎಪಿ ಕ್ಯಾಲ್ಕುಲಸ್‌ಗೆ ಎಷ್ಟು ಜನ ಸೇರಿದ್ರು ಅನ್ನೋ ಒಂದೇ ಅಂಕಿ ಆವಾಗ ಹೊರಗೆ ಬಿಟ್ರೆ ಸಾಲದು. ಯಾವ ಮಿಡ್ಲ್ ಸ್ಕೂಲಿಂದ ಬಂದೋರು, ಮೂರರಲ್ಲಿ ಯಾವ ಮಾದರಿ ಮಾಡಿದೋರು, ಆ ಮಕ್ಕಳಲ್ಲಿ ಎಷ್ಟು ಜನ ಮಧ್ಯದಲ್ಲಿ ಮ್ಯೂಸಿಕ್ಕೋ ಆರ್ಟೋ ಬಿಟ್ರು, ಮೂರನ್ನೂ ಪಕ್ಕಪಕ್ಕ ಇಟ್ಟು ಕೊಡ್ಬೇಕು. ಕಳೆದ ಸಲ 40 ಮತ್ತೆ 8 ಅನ್ನೋ ಎರಡು ಅಂಕಿ ಇಟ್ಕೊಂಡೇ ವರ್ಷಗಟ್ಟಲೆ ತಳ್ಳಿದ್ರು.